ಕೆಮ್ಮಣ್ಣು ಕಟ್ಟಿದ ಬೇಳೆ

ಕಡೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸು, ಲಂಗ, ಚೂಡಿದಾರ ಹೊಲಿಯುತ್ತೇನೆ. ಮೊದಲೆಲ್ಲ ಹೆಂಗಸರು ಹಳೆಯ ಅಳತೆ ಬ್ಲೌಸು ತಂದುಕೊಟ್ಟು, "ಇದರಂಗೇ ಇರ್ಲಿ, ಕಂಕುಳ ಹತ್ರ ಒಂಚೂರು ಸಡಿಲ ಬಿಡಿ" ಎಂದು ಹೇಳಿ ಹೋಗುತ್ತಿದ್ದರು. ಈಗ ಮೊಬೈಲನ್ನು ತಂದು ನನ್ನ ಮೂಗಿಗೆ ಹಿಡಿಯುತ್ತಾರೆ. ಅದರಲ್ಲಿ ಯಾರೋ ಒಬ್ಬಳು ಬೆನ್ನು ತೋರಿಸಿಕೊಂಡು ನಿಂತಿರುತ್ತಾಳೆ. "ಹಿಂಗೇ ಕೂರ್ಬೇಕು ಕಣ್ರೀ, ಒಂದು ಸುಕ್ಕೂ ಇರಬಾರ್ದು" ಎನ್ನುತ್ತಾರೆ. ಆ ಬ್ಲೌಸನ್ನು ಮುಂದಿನಿಂದ ಪಿನ್ನು ಹಾಕಿ ಎಳೆದು ನಿಲ್ಲಿಸಿದ್ದಾರೆ, ಉಸಿರು ಬಿಟ್ಟರೆ ಬಿಚ್ಚಿಕೊಳ್ಳುತ್ತದೆ ಎಂದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ನನ್ನ ಟೇಪು ಸುಳ್ಳು, ಗೋಡೆಯ ಕನ್ನಡಿ ಸುಳ್ಳು, ಅವರ ಸ್ವಂತ ಮೈಯೂ ಸುಳ್ಳು. ಫೋನಿನಲ್ಲಿ ಇರುವುದೊಂದೇ ನಿಜ.

ನನಗೆ ಈ ಜನರ ಮೇಲೆ ಸಿಟ್ಟಿದೆ. ಅದನ್ನು ಮುಚ್ಚಿಟ್ಟುಕೊಂಡು ಬರೆಯಲು ನನಗೆ ಬರುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಇವರ ನಡುವೆಯೇ. ಇವರು ಸುಲಭಕ್ಕೆ ಏನನ್ನೂ ನಂಬುವವರಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಹೆಣ್ಣು ಕೊಡುವ ಮೊದಲು ಗಂಡಿನ ಮನೆಯವರ ಬಗ್ಗೆ ಊರೂರು ತಿರುಗಿ ವಿಚಾರಿಸುತ್ತಾರೆ. ಎಮ್ಮೆ ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಎರಡು ಹೊತ್ತು ನಿಂತು ಹಾಲು ಕರೆಸಿ ನೋಡುತ್ತಾರೆ. ಬೀರೂರಿನಲ್ಲಿ ರೈಲು ಎಷ್ಟು ಹೊತ್ತಿಗೆ ಎಂದು ಒಬ್ಬರು ಹೇಳಿದರೆ ಸಾಲದು, ಇನ್ನಿಬ್ಬರನ್ನು ಕೇಳಿಯೇ ಕೂರುತ್ತಾರೆ. ಅದೇ ಜನ, ಎಲ್ಲಿಂದಲೋ ಬಂದ ಒಂದು ತುಂಡು ವಿಡಿಯೋ ನೋಡಿ ಪಕ್ಕದ ಮನೆಯವಳನ್ನು ಕಳ್ಳಿ ಎಂದುಬಿಡುತ್ತಾರೆ.

ಬಸ್ಸಿನಲ್ಲಿ ಕೂತರೂ ನೆಮ್ಮದಿ ಇಲ್ಲ. ಒಂದು ಸೀಟಿನಲ್ಲಿ ಪ್ರವಚನ, ಇನ್ನೊಂದರಲ್ಲಿ ಜಗಳ, ಹಿಂದಿನ ಸೀಟಿನಲ್ಲಿ ಮೂಲವ್ಯಾಧಿಗೆ ಮದ್ದು, ಎಲ್ಲವೂ ಗಟ್ಟಿಯಾಗಿ. ಒಮ್ಮೆ ತರೀಕೆರೆ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು, ನಿಂತುಕೊಂಡು ನೀರು ಕುಡಿದರೆ ಮಂಡಿ ಸವೆಯುತ್ತದೆ ಎಂದು ನನಗೆ ಬುದ್ಧಿ ಹೇಳಿದರು. ಯಾರು ಹೇಳಿದ್ದು ಎಂದು ಕೇಳಿದೆ. "ಬಂದಿತ್ತು ಕಣಮ್ಮ" ಎಂದರು. ಎಲ್ಲಿಂದ ಬಂತು, ಯಾರು ಕಳಿಸಿದರು, ಅವನಿಗೆ ಮಂಡಿಯ ವಿಷಯ ಏನು ಗೊತ್ತು ಎಂದೆಲ್ಲ ಕೇಳುವ ಹಾಗಿಲ್ಲ. ಬಂದಿತ್ತು ಎಂದರೆ ಮುಗಿಯಿತು. ಆಮೇಲೆ ಅವರು ತಮ್ಮ ನಿಲ್ದಾಣ ಬರುವವರೆಗೂ ನನ್ನನ್ನು ಮೂರ್ಖಳನ್ನು ನೋಡುವ ಹಾಗೆ ನೋಡುತ್ತಿದ್ದರು.

ಇಷ್ಟಕ್ಕೆಲ್ಲ ನಾನು ನಕ್ಕು ಸುಮ್ಮನಿರುತ್ತಿದ್ದೆ. ನಗು ನಿಂತದ್ದು ನನ್ನ ಚಿಕ್ಕಮ್ಮನ ಬೇಳೆಯ ವಿಷಯದಲ್ಲಿ.

ಚಿಕ್ಕಮ್ಮ ನನ್ನ ಅವ್ವನ ತಂಗಿ. ನನಗೆ ಬುದ್ಧಿ ಬರುವ ಮೊದಲೇ ಅವ್ವ ಹೊಟ್ಟೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಏನು ಕಾಯಿಲೆ ಎಂದು ಯಾರೂ ಹೆಸರಿಟ್ಟು ಹೇಳಲಿಲ್ಲ. ಆ ಕಾಲಕ್ಕೆ ನಮ್ಮ ಕಡೆ ಹೊಟ್ಟೆನೋವು ಎನ್ನುವುದೇ ಒಂದು ಕಾಯಿಲೆ. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡಿದ್ದ ಚಿಕ್ಕಮ್ಮ, ಅಕ್ಕನನ್ನು ನೋಡಿಕೊಳ್ಳಲು ಬಂದಳು. ಕೊನೆಕೊನೆಗೆ ಅವ್ವನ ಗಂಟಲಲ್ಲಿ ಇಳಿಯುತ್ತಿದ್ದುದು ಚಿಕ್ಕಮ್ಮ ಬೇಳೆ ಬೇಯಿಸಿ ಬಸಿದುಕೊಡುತ್ತಿದ್ದ ತಿಳಿ ಕಟ್ಟು ಮಾತ್ರವಂತೆ. ಅವ್ವ ಹೋದ ಮೇಲೆ ಅಪ್ಪ ಇನ್ನೊಂದು ಮದುವೆ ಮಾಡಿಕೊಂಡು ಹೊಸದುರ್ಗದ ಕಡೆ ಹೋದರು. ಅವರ ವಿಷಯ ಇಲ್ಲಿ ಇಷ್ಟೇ ಸಾಕು. ಚಿಕ್ಕಮ್ಮ ನನ್ನನ್ನೂ ನನ್ನ ಅಣ್ಣನನ್ನೂ ಬುಕ್ಕಾಂಬುಧಿಯ ಹತ್ತಿರದ ತನ್ನ ಊರಿಗೆ ಕರೆದುಕೊಂಡು ಹೋಗಿ ಸಾಕಿದಳು.

ನಮ್ಮನ್ನು ಸಾಕಿದ್ದು ಬೇಳೆ. ರಾಗಿ ಹೊಲದಲ್ಲಿ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಬೆಳೆದ ತೊಗರಿ ಮನೆಗೆ ಬಂತೆಂದರೆ ಚಿಕ್ಕಮ್ಮ ಸೀರೆ ಎತ್ತಿಕಟ್ಟುತ್ತಿದ್ದಳು. ತೊಗರಿಯನ್ನು ನೆನೆಹಾಕಿ, ಕೆರೆ ಏರಿಯಾಚೆಯ ದಿಬ್ಬದಿಂದ ತಂದ ಕೆಮ್ಮಣ್ಣನ್ನು ನುಣ್ಣಗೆ ಜರಡಿ ಹಿಡಿದು, ನೀರಲ್ಲಿ ಕಲಸಿ, ಕಾಳಿಗೆಲ್ಲ ಹಿಡಿಯುವ ಹಾಗೆ ಉಜ್ಜಿ ಗುಡ್ಡೆ ಹಾಕಿಡುತ್ತಿದ್ದಳು. ಮಾರನೆಯ ದಿನದಿಂದ ಬಿಸಿಲಿಗೆ ಹರವುವುದು. ಒಣಗಿದ ಮೇಲೆ ಮಣ್ಣೆಲ್ಲ ಉದುರಿಸಿ, ಬೀಸುವ ಕಲ್ಲಿಗೆ ಹಾಕಿ ಒಡೆದು, ಮೊರದಲ್ಲಿ ಕೇರಿದರೆ ಒಂದು ಚೂರೂ ಸಿಪ್ಪೆಯಿಲ್ಲದ ದುಂಡನೆಯ ಬೇಳೆ. ಮಣ್ಣು ಕಟ್ಟಿದರೇ ಸಿಪ್ಪೆ ಬಿಡುವುದು, ಹುಳ ಬೀಳದೆ ವರ್ಷವಿಡೀ ಇರುವುದು. ಇದು ಚಿಕ್ಕಮ್ಮ ಕಂಡುಹಿಡಿದ ವಿದ್ಯೆಯಲ್ಲ. ಅಜ್ಜಂಪುರದಿಂದ ಕಡೂರಿನವರೆಗೆ ನನ್ನ ವಯಸ್ಸಿನ ಯಾರನ್ನು ಕೇಳಿದರೂ ಅವರ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಇದನ್ನು ಮಾಡಿಯೇ ಇರುತ್ತಾರೆ. ಎಲ್ಲರೂ ಬಿಟ್ಟರು, ಚಿಕ್ಕಮ್ಮ ಬಿಡಲಿಲ್ಲ, ಅಷ್ಟೇ. ಕಡೂರು, ಬೀರೂರು, ತರೀಕೆರೆಯಿಂದೆಲ್ಲ ಜನ ಅವಳ ಮನೆಗೇ ಬಂದು ಒಯ್ಯುತ್ತಿದ್ದರು.

ನಮ್ಮ ಮನೆತನದಲ್ಲಿ ಇನ್ನೊಂದು ನಡೆದುಕೊಂಡು ಬಂದಿತ್ತು. ಯಾವ ಹೆಣ್ಣುಮಗಳ ಮದುವೆಯಾದರೂ ಒಬ್ಬಟ್ಟಿನ ಹೂರಣಕ್ಕೆ ಬೇಳೆ ಚಿಕ್ಕಮ್ಮನ ಮನೆಯದು. ಬೇಳೆ ಕೊಟ್ಟು ಸುಮ್ಮನಾಗುವುದಲ್ಲ, ಹಿಂದಿನ ದಿನವೇ ಬಂದು ಅಡುಗೆಯವರ ತಲೆಯ ಮೇಲೆ ಕೂತು, ಬೇಳೆ ಎಷ್ಟು ಬೇಯಬೇಕು, ಕಟ್ಟು ಯಾವಾಗ ಬಸಿಯಬೇಕು ಎಂದು ಗದರಿಸಿ ಮಾಡಿಸುತ್ತಿದ್ದಳು. ಮಕ್ಕಳಿಲ್ಲದ, ಮುತ್ತೈದೆಯಲ್ಲದ ಹೆಂಗಸಿಗೆ ಮದುವೆಮನೆಯಲ್ಲಿ ಬೇರೆ ಯಾವ ಜಾಗ ಇರುತ್ತದೆ ಹೇಳಿ. ಆರತಿಗೆ ಕರೆಯುವುದಿಲ್ಲ, ಬಳೆ ತೊಡಿಸಲು ಕರೆಯುವುದಿಲ್ಲ. ಹೂರಣದ ಒಲೆಯ ಮುಂದಿನ ಮಣೆ ಮಾತ್ರ ಅವಳದು. ಅದನ್ನು ಯಾರೂ ಕೊಟ್ಟದ್ದಲ್ಲ, ಅವಳೇ ಸಂಪಾದಿಸಿಕೊಂಡದ್ದು.

ಹೋದ ವರ್ಷ ಅಣ್ಣನ ಮಗಳ ಮದುವೆ ತರೀಕೆರೆಯ ಸಂಬಂಧಕ್ಕೆ ಗೊತ್ತಾಯಿತು. ಅಣ್ಣನಿಗೆ ಬೀರೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ತಾನು ಸಾಕಿದ ಹುಡುಗನ ಮಗಳ ಮದುವೆ ಎಂದು ಚಿಕ್ಕಮ್ಮ ಆ ಸಲ ತೊಗರಿಯನ್ನು ಒಂದೊಂದೇ ಕಾಳು ನೋಡಿ ಆರಿಸಿದಳು. ಮದುವೆಯ ಬೇಳೆಯನ್ನು ಬೇರೆಯೇ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಅಟ್ಟಕ್ಕೆ ಏರಿಸಿದಳು. "ಇದ್ನ ಬೇರೆ ಯಾರ್ಗೂ ಕೊಡಾಕಿಲ್ಲ, ದೇವ್ರೇ ಬಂದು ಕೇಳಿದ್ರೂ ಇಲ್ಲ" ಎಂದು ನನಗೆ ಫೋನಿನಲ್ಲಿ ಹೇಳಿದಳು.

ಆ ದಿನಗಳಲ್ಲಿಯೇ ಅವನು ಬಂದದ್ದು. ತರೀಕೆರೆಯಲ್ಲಿ ಮೊಬೈಲ್ ಕವರ್, ಚಾರ್ಜರ್ ಮಾರುವ ಅಂಗಡಿ ಇಟ್ಟುಕೊಂಡು, ಬಿಡುವಿನಲ್ಲಿ ವಿಡಿಯೋ ಮಾಡಿ ಹಾಕುವ ಮನುಷ್ಯ. ಹಳ್ಳಿಯ ಹಳೆಯ ಪದ್ಧತಿಗಳನ್ನು ತೋರಿಸುತ್ತೇನೆ ಎಂದುಕೊಂಡು ಬಂದಿದ್ದ. ಚಿಕ್ಕಮ್ಮ ಒಳ್ಳೆಯ ಸೀರೆ ಉಟ್ಟಳು. ಕಾಲರಿಗೆ ಮೈಕು ಸಿಕ್ಕಿಸಲು ಅವಳ ಸೀರೆಗೆ ಕಾಲರ್ ಇಲ್ಲವಲ್ಲ ಎಂದು ಇಬ್ಬರೂ ನಕ್ಕರಂತೆ. ಮಣ್ಣು ಕಲಸುವುದರಿಂದ ಹಿಡಿದು, ಮೊದಲೇ ಒಣಗಿಸಿಟ್ಟಿದ್ದ ಕಾಳನ್ನು ಒಡೆದು ಬೇಳೆ ಕೇರುವವರೆಗೆ ಎಲ್ಲವನ್ನೂ ಮಾಡಿ ತೋರಿಸಿದಳು. ಮುದ್ದೆ, ಬೇಳೆ ಸಾರು ಬಡಿಸಿದಳು. ಅವನು ಎರಡನೆಯ ಸಲವೂ ಸಾರು ಹಾಕಿಸಿಕೊಂಡು, "ಅಜ್ಜಿ, ನಿಮ್ಮಂಥೋರು ಇರೋದಕ್ಕೇ ಕಣಜ್ಜಿ ನಮ್ಮತನ ಉಳ್ಕಂಡಿರೋದು" ಎಂದನಂತೆ. ಈ ಮಾತನ್ನು ಚಿಕ್ಕಮ್ಮ ನನಗೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಕೆಲವು ದಿನಗಳಲ್ಲಿ ವಿಡಿಯೋ ಬಂತು. ಕೊಳಲಿನ ಹಿನ್ನೆಲೆ, ಚಿಕ್ಕಮ್ಮನ ನಗು, ಎಲ್ಲ ಚೆನ್ನಾಗಿತ್ತು. ಪಕ್ಕದ ಮನೆಯ ಸೊಸೆಯ ಫೋನಿನಲ್ಲಿ ಅವಳು ಅದನ್ನು ಹಾಕಿಸಿಕೊಂಡು ನೋಡಿದ್ದು ಬಿಟ್ಟರೆ ಬೇರೆ ಯಾರೂ ಅಷ್ಟಾಗಿ ನೋಡಿದಂತೆ ಕಾಣಲಿಲ್ಲ.

ಎರಡನೆಯ ವಿಡಿಯೋವನ್ನು ನನಗೆ ತೋರಿಸಿದ್ದು ನನ್ನದೇ ಅಂಗಡಿಗೆ ಬಂದ ಒಬ್ಬ ಗಿರಾಕಿ. ಕಾಲೇಜಿನಲ್ಲಿ ಪಾಠ ಮಾಡುವ ಹೆಂಗಸು. ರೇಷ್ಮೆ ಬ್ಲೌಸಿನ ಬಟ್ಟೆಯನ್ನು ಮೇಜಿನ ಮೇಲಿಟ್ಟು, "ಇದ್ನ ನೋಡಿದ್ರಾ? ಇಂಥೋರ್ನೆಲ್ಲ ಹಿಡ್ದು ಒಳಗೆ ಹಾಕ್ಬೇಕು ಕಣ್ರೀ" ಎಂದು ಫೋನು ಕೊಟ್ಟರು. ಸೈರನ್ನಿನ ಸದ್ದು. ಕೆಂಪು ಬಾಣಗಳು. ಎರಡು ಕೈಗಳು ತೊಗರಿಗೆ ಕೆಸರು ಮೆತ್ತುತ್ತಿವೆ. ಗಂಡು ದನಿಯೊಂದು ಕಿರುಚುತ್ತಿದೆ: ನೀವು ತಿನ್ನುವ ಬೇಳೆಯಲ್ಲಿ ಏನಿದೆ ನೋಡಿ, ತೂಕ ಹೆಚ್ಚಿಸಲು ಮಣ್ಣು, ಇದನ್ನು ತಿಂದರೆ ಹೊಟ್ಟೆಯ ಕ್ಯಾನ್ಸರ್ ಖಂಡಿತ, ನಿಮ್ಮವರ ಜೀವ ಉಳಿಯಬೇಕಾದರೆ ಎಲ್ಲರಿಗೂ ಕಳಿಸಿ. ಮುಖವನ್ನು ಮಬ್ಬು ಮಾಡಿದ್ದರು. ಆದರೆ ಎಡಗೈಯ ಕಿರುಬೆರಳು ಸೊಟ್ಟಗಿತ್ತು. ನಾನು ಹುಡುಗಿಯಾಗಿದ್ದಾಗ ಬೀಸುವ ಕಲ್ಲಿನ ಸಂದಿಗೆ ಸಿಕ್ಕಿ ಸೊಟ್ಟಗಾದ ಚಿಕ್ಕಮ್ಮನ ಬೆರಳು ಅದು. ಆ ಕೈ ನನ್ನ ತಲೆ ಬಾಚಿದೆ, ನನಗೆ ಹೊಡೆದಿದೆ, ನನಗೆ ಉಣ್ಣಿಸಿದೆ.

"ನಿಮ್ಮ ತಾಯಿ ಮನೆ ಯಾವ ಕಡೆ?" ಎಂದು ಆ ಹೆಂಗಸನ್ನು ಕೇಳಿದೆ.

"ಅಜ್ಜಂಪುರದ ಹತ್ರಾನೇ."

"ನಿಮ್ಮ ತಾಯಿ ಬೇಳೆ ಹೆಂಗೆ ಮಾಡ್ತಿದ್ರು?"

"ನಮ್ಮಮ್ಮಾನಾ? ಕೆಮ್ಮಣ್ಣು ಕಟ್ಟಿ..." ಎಂದವರು ತಡೆದರು. ಈಗ ಅರ್ಥವಾಗುತ್ತದೆ ಎಂದು ನಾನು ಕಾದೆ. "ಅದು ಬೇರೆ, ಇದು ಬೇರೆ" ಎಂದರು.

"ಏನು ಬೇರೆ?"

"ಅದು ಮನೇದು. ಇದು ವಿಡಿಯೋದಲ್ಲೇ ಬಂದಿದ್ಯಲ್ರೀ."

ನಾನು ರೇಷ್ಮೆ ಬಟ್ಟೆಯನ್ನು ಮಡಿಸಿ ಅವರ ಕೈಗೇ ಇಟ್ಟೆ. ನಿಮ್ಮ ಬ್ಲೌಸು ನನ್ನ ಕೈಲಿ ಆಗುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದೆ. ತನ್ನ ಹೆತ್ತ ತಾಯಿಯ ಕೈಯ ಅಡುಗೆ ಉಂಡು ಇಷ್ಟು ದೊಡ್ಡವಳಾಗಿ, ಅದಕ್ಕಿಂತ ಒಂದು ಸೈರನ್ ಸದ್ದನ್ನು ಹೆಚ್ಚು ನಂಬುವವಳಿಗೆ ನಾನು ಅಳತೆ ತೆಗೆಯುವುದಿಲ್ಲ. ಇವತ್ತಿಗೂ ಅವರು ನನ್ನ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ, ಹೋಗಲಿ.

ಅವರು ಹೋದ ಮೇಲೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪನ್ನು ತೆಗೆದು ನೋಡಿದೆ. ಬೆಳಗಾದರೆ ಹೂವಿನ ಚಿತ್ರ, ಶುಭೋದಯ ಎಂದು ತುಂಬಿಕೊಳ್ಳುವ ಆ ಗ್ರೂಪನ್ನು ನಾನು ತೆರೆಯುವುದೇ ಕಡಿಮೆ. ಅಲ್ಲಿಯೂ ಅದೇ ವಿಡಿಯೋ ಇತ್ತು. ಕಳಿಸಿದವನು ನನ್ನ ಅಣ್ಣ. ಕೆಳಗೆ ಅವನೇ ಬರೆದಿದ್ದ: ಎಚ್ಚರ, ಎಲ್ಲ ಗ್ರೂಪಿಗೂ ಕಳಿಸಿ. ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು, ಕೈ ಮುಗಿದ ಚಿತ್ರಗಳು, ಅಯ್ಯೋ ಶಿವನೇ ಎಂಬ ಉದ್ಗಾರಗಳು. ಹಾಗೆ ಬರೆದವರೆಲ್ಲ ಚಿಕ್ಕಮ್ಮನ ಬೇಳೆ ಉಂಡವರೇ.

ಅಂಗಡಿಗೆ ಬೀಗ ಹಾಕಿ ಬೀರೂರಿಗೆ ಹೋದೆ. ಅಣ್ಣ ಗಲ್ಲಾದ ಹಿಂದೆ ಕೂತು ಯಾರಿಗೋ ಪೈಪಿನ ಲೆಕ್ಕ ಹೇಳುತ್ತಿದ್ದ. ಗಿರಾಕಿ ಹೋಗುವವರೆಗೂ ಕಾಯುವ ತಾಳ್ಮೆ ನನಗಿರಲಿಲ್ಲ. ಫೋನನ್ನು ಅವನ ಮುಂದೆ ಹಿಡಿದು, "ಈ ಕೈ ಯಾರ್ದು ಹೇಳು" ಎಂದೆ.

"ಯಾವ್ದೋ ಕಲಬೆರಕೆ ಮಾಡೋರ್ದು ಕಣೇ. ನಾನೇ ಹಾಕಿದ್ನಲ್ಲ."

"ಬೆರಳು ನೋಡು."

ನೋಡಿದ. ಇನ್ನೊಂದು ಸಲ ಹಾಕಿ ನೋಡಿದ. "ಲೇ... ನಮ್ಮ ಚಿಕ್ಕಮ್ಮಂದಾ?" ಎಂದ. ಆ ಕೈ ಇವನ ಬಾಯಿಗೆ ತುತ್ತು ಇಟ್ಟದ್ದು ವರ್ಷಗಟ್ಟಲೆ. ಆದರೂ ಗುರುತು ಸಿಗಲಿಲ್ಲ, ಏಕೆಂದರೆ ಇವನು ಕೈಯನ್ನು ನೋಡಲೇ ಇಲ್ಲ, ಬಾಣವನ್ನು ನೋಡಿದ.

ಗ್ರೂಪಿನಲ್ಲಿ ಈಗಲೇ ಬರೆ ಎಂದೆ. ಇದು ನಮ್ಮ ಚಿಕ್ಕಮ್ಮನ ಮನೆ, ಇದು ನಾವೆಲ್ಲ ತಿಂದ ಬೇಳೆ, ವಿಡಿಯೋ ಸುಳ್ಳು ಎಂದು ಬರೆ. ಅವನು ಫೋನು ಕೈಗೆತ್ತಿಕೊಂಡ, ಮತ್ತೆ ಕೆಳಗಿಟ್ಟ.

"ಬೀಗರ ಗ್ರೂಪಿಗೂ ನಾನೇ ಹಾಕಿದೀನಿ ಕಣೇ" ಎಂದ. "ಅವ್ರೆಲ್ಲ ನೋಡವ್ರೆ. ಬೀಗಿತ್ತಿ ಆವತ್ತೇ ಫೋನ್ ಮಾಡಿ, ಮದುವೆಗೆ ಬೇಳೆ ಎಲ್ಲಿಂದ ತರ್ತೀರಿ ಅಂತ ಕೇಳಿದ್ರು. ಈಗ ಇದು ನಮ್ಮನೇದೇ ಅಂತ ಬರೆದ್ರೆ ಏನಾಗುತ್ತೆ ಹೇಳು."

"ಏನಾಗುತ್ತೆ? ಸುಳ್ಳನ್ನ ಸುಳ್ಳು ಅಂದಂಗಾಗುತ್ತೆ."

"ಸುಳ್ಳು ಅಂತ ನಂಗೂ ಗೊತ್ತು. ಅವ್ರಿಗೆ ಗೊತ್ತಿಲ್ವಲ್ಲ. ಇದೊಂದು ಸಲ ಪ್ಯಾಕೆಟ್ ಬೇಳೆ ತರ್ಸಣ. ಚಿಕ್ಕಮ್ಮಂಗೆ ನೀನೇ ಒಂಚೂರು ನಿಧಾನವಾಗಿ ಹೇಳು."

ನಾನು ಹೇಳುವುದಿಲ್ಲ ಎಂದೆ. ಇನ್ನೂ ಏನೇನೋ ಅಂದೆ. ಅಂಗಡಿಯ ಆಳುಗಳ ಮುಂದೆ ಅಣ್ಣನನ್ನು ಹಾಗೆಲ್ಲ ಅನ್ನಬಾರದು ಎಂದು ಆಮೇಲೆ ಅತ್ತಿಗೆ ನನಗೆ ಬುದ್ಧಿ ಹೇಳಿದರು. ನಾನು ಅಂದದ್ದರಲ್ಲಿ ಒಂದನ್ನೂ ವಾಪಸು ತೆಗೆದುಕೊಂಡಿಲ್ಲ.

ಮಾರನೆಯ ದಿನ ತರೀಕೆರೆಗೆ ಹೋಗಿ ಆ ವಿಡಿಯೋದವನನ್ನು ಹುಡುಕಿದೆ. ಜಗಳಕ್ಕೇ ಹೋಗಿದ್ದೆ. ಅವನು ಬೇರೆ ಯಾರೋ ಕತ್ತರಿಸಿ ಹಾಕಿದ್ದಾರೆ, ನನಗೇನೂ ಗೊತ್ತಿಲ್ಲ ಎಂದು ಕೈ ಕೊಡವಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ನನಗೆ ಸ್ಟೂಲು ಹಾಕಿ, ಟೀ ತರಿಸಲು ಹೊರಟ.

"ಎರಡೂ ನಂದೇ ಕಣಕ್ಕ" ಎಂದ. "ಮೊದಲ್ನೇದು ಓಡ್ಲಿಲ್ಲ. ಒಳ್ಳೇದನ್ನ ಯಾರೂ ನೋಡಲ್ಲ ಅಕ್ಕ. ಅದ್ಕೆ ಇನ್ನೊಂದು ಪೇಜಲ್ಲಿ ಹಿಂಗೆ ಹಾಕ್ದೆ. ಅಜ್ಜಿ ಮುಖ ಬ್ಲರ್ ಮಾಡಿದೀನಲ್ಲ."

"ನೀನು ಅವಳ ಮನೇಲಿ ಉಂಡಿದ್ದೀಯ."

"ಉಂಡಿದೀನಿ. ಸಾರು ಚೆನ್ನಾಗಿತ್ತು. ನಾನೇನು ಅಜ್ಜಿ ಕೆಟ್ಟೋರು ಅಂತ ಹೇಳಿದೀನಾ? ಮಣ್ಣು ಹಾಕ್ತಾರೆ ಅಂದೆ. ಹಾಕೋದು ನಿಜಾನೇ ಅಲ್ವಾ?"

ತೆಗೆದುಹಾಕು ಎಂದೆ. ನನ್ನ ಕಣ್ಣ ಮುಂದೆಯೇ ತೆಗೆದ. ಆದರೆ ಅದು ಆಗಲೇ ಎಲ್ಲೆಲ್ಲೋ ಹೋಗಿದೆ, ಇನ್ನು ತನ್ನ ಕೈಯಲ್ಲಿ ಇಲ್ಲ ಎಂದ. ಆಮೇಲೆ ನನ್ನ ಮುಖವನ್ನೇ ನೋಡುತ್ತ ಏನೋ ಲೆಕ್ಕ ಹಾಕಿ, "ಬೇಕಾದ್ರೆ ಇನ್ನೊಂದು ಮಾಡಣ ಅಕ್ಕ. ಸತ್ಯ ಏನು ಅಂತ. ಅಜ್ಜಿನೇ ಮಾತಾಡ್ಲಿ. ಅಜ್ಜಿ ಅಳ್ತಾರಾ? ಅತ್ರೆ ಚೆನ್ನಾಗಿ ಓಡುತ್ತೆ" ಎಂದ.

ಅವನಲ್ಲಿ ನಾಚಿಕೆ ಇರಲಿಲ್ಲ, ಕೆಟ್ಟತನವೂ ಇದ್ದಂತೆ ಕಾಣಲಿಲ್ಲ. ನನಗೆ ನಿಜಕ್ಕೂ ಸಹಾಯ ಮಾಡುತ್ತಿದ್ದೇನೆ ಎಂದೇ ಅವನು ನಂಬಿದ್ದ. ಅದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಟೀ ಬರುವ ಮೊದಲೇ ಎದ್ದು ಬಂದೆ. ಬರುವಾಗ ಅವನಿಗೆ ಏನೆಂದು ಬೈದೆ ಎಂಬುದನ್ನು ಬರೆದರೆ ಅಚ್ಚು ಹಾಕುವವರು ಹಾಕಲಾರರು.

ಚಿಕ್ಕಮ್ಮನಿಗೆ ವಿಡಿಯೋ ವಿಷಯ ಅಷ್ಟರಲ್ಲಿ ಪಕ್ಕದ ಮನೆಯವರಿಂದ ಗೊತ್ತಾಗಿತ್ತು. ಮೊದಲಿಗೆ ಅವಳು ನಕ್ಕಳು. "ಹುಚ್ಚು ಮುಂಡೇವು, ಮಣ್ಣು ಕಟ್ದೆ ಬೇಳೆ ಹೆಂಗೆ ಆಯ್ತದೆ? ಇವ್ರ ಅಜ್ಜೀರು ಏನು ಹಾಲು ಕಟ್ತಿದ್ರಾ?" ಎಂದಳು. ಆದರೆ ಆ ಬೇಸಿಗೆಯಲ್ಲಿ ಬೇಳೆಗೆ ಬರುವವರು ಬರಲಿಲ್ಲ. ಬಂದ ಒಬ್ಬಿಬ್ಬರು ತೆಗೆದುಕೊಂಡು ಹೋಗುವ ಬದಲು ಅಂಗಳದಲ್ಲಿ ನಿಂತು ಫೋಟೋ ತೆಗೆದುಕೊಂಡು ಹೋದರು. ಆಮೇಲೆ ಅಣ್ಣ ಫೋನು ಮಾಡಿದ. ಏನು ಹೇಳಿದನೋ, ಹೇಗೆ ಹೇಳಿದನೋ ನನಗೆ ಗೊತ್ತಿಲ್ಲ. ನಾನು ಊರಿಗೆ ಹೋದಾಗ ಬಾಯಿ ಹೊಲಿದ ಚೀಲ ಅಟ್ಟದಿಂದ ಇಳಿದು ನಡುಮನೆಯ ಮೂಲೆಯಲ್ಲಿತ್ತು. "ಇರ್ಲಿ ಬಿಡು, ಅವ್ನಿಗೂ ಬೀಗರ ಹತ್ರ ಮಾನ ಇರ್ತದೆ" ಎಂದಳು. ಅವಳ ಮಾನದ ಮಾತನ್ನು ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಮದುವೆ ಬೀರೂರಿನ ಕಲ್ಯಾಣ ಮಂಟಪದಲ್ಲಿ ಆಯಿತು. ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಬಂದವಳೇ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ನಡೆದಳು. ಅತ್ತಿಗೆ ಓಡಿಹೋಗಿ ಕೈ ಹಿಡಿದು, "ನೀವು ಕೂತ್ಕಳಿ ಚಿಕ್ಕಮ್ಮ, ಈ ವಯಸ್ಸಲ್ಲಿ ನಿಮಗ್ಯಾಕೆ ಹೊಗೆ" ಎಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿ ಅವಳು ತೊಡೆಯ ಮೇಲೆ ಕೈ ಇಟ್ಟುಕೊಂಡು, ಎಡಗೈಯ ಮೇಲೆ ಸೆರಗು ಮುಚ್ಚಿಕೊಂಡು ಕೂತಿದ್ದಳು. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಬಂದು ನಮಸ್ಕಾರ ಮಾಡಿದರು, ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಊಟಕ್ಕೆ ಪ್ಯಾಕೆಟ್ ಬೇಳೆಯ ಒಬ್ಬಟ್ಟು ಬಂತು. ಹೂರಣ ಅಂಟಂಟಾಗಿರುತ್ತದೆ, ಬೀಗರು ಮುಖ ಸಿಂಡರಿಸುತ್ತಾರೆ ಎಂದು ನಾನು ಕಾದಿದ್ದೆ. ಅಂಥದ್ದೇನೂ ಆಗಲಿಲ್ಲ. ಒಬ್ಬಟ್ಟು ಚೆನ್ನಾಗಿಯೇ ಇತ್ತು. ಜನ ತುಪ್ಪ ಹಾಕಿಸಿಕೊಂಡು ಮತ್ತೆ ಮತ್ತೆ ತಿಂದರು. ಅದು ಚೆನ್ನಾಗಿತ್ತು ಎಂಬುದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಚಿಕ್ಕಮ್ಮ ಎಲೆಯ ಒಬ್ಬಟ್ಟನ್ನು ಮುರಿದು, ಸ್ವಲ್ಪ ಬಾಯಿಗೆ ಹಾಕಿಕೊಂಡು, "ಪರವಾಗಿಲ್ಲ ಕಣೇ, ಚೆನ್ನಾಗೇ ಮಾಡವ್ರೆ" ಎಂದಳು.

ಮದುವೆಯ ನಂತರ ಅಣ್ಣ ಅವಳಿಗೊಂದು ದೊಡ್ಡ ಫೋನು ತಂದುಕೊಟ್ಟ. ವಿಡಿಯೋ ಕಾಲಿನಲ್ಲಿ ದಿನವೂ ಮಾತಾಡುತ್ತೇನೆ ಎಂದ. ತಪ್ಪು ಮಾಡಿದವರಿಗೆ ಹೀಗೊಂದು ವಸ್ತು ಕೊಟ್ಟು ಕೈ ತೊಳೆದುಕೊಳ್ಳುವುದು ಸುಲಭ. ಮೊದಲ ಕೆಲವು ದಿನ ಮಾತಾಡಿದ, ಆಮೇಲೆ ಅಂಗಡಿ, ವ್ಯಾಪಾರ. ಫೋನು ಮಾತ್ರ ಅವಳ ಜೊತೆ ಉಳಿಯಿತು. ಪಕ್ಕದ ಮನೆಯ ಸೊಸೆ ಮೇಲೆ ಕೆಳಗೆ ಸರಿಸುವುದನ್ನು ಹೇಳಿಕೊಟ್ಟಿದ್ದಳು. ಚಿಕ್ಕಮ್ಮ ಬೇಳೆಯ ವಿಡಿಯೋ ಹುಡುಕಿ ನೋಡಿದಳಂತೆ, ಅಷ್ಟೇ ಸಾಕಾಯಿತು. ಆಮೇಲೆ ಫೋನು ಅವಳಿಗೆ ತಾನಾಗಿಯೇ ಅಂಥವನ್ನೇ ತೋರಿಸತೊಡಗಿತು. ಉಪ್ಪಿನಿಂದ ಏನಾಗುತ್ತದೆ, ಬದನೆಕಾಯಿಯಿಂದ ಏನಾಗುತ್ತದೆ, ಅಲ್ಯುಮಿನಿಯಂ ಪಾತ್ರೆಯಿಂದ ಏನಾಗುತ್ತದೆ. ನಾನು ಹೋದಾಗಲೆಲ್ಲ ಅಡುಗೆಮನೆಯಲ್ಲಿ ಒಂದೊಂದು ಪದಾರ್ಥ ಕಡಿಮೆಯಾಗಿರುತ್ತಿತ್ತು. ನಾನು ಬೈದರೆ, "ಬಂದಿತ್ತು ಕಣವ್ವ" ಎನ್ನುತ್ತಿದ್ದಳು. ಬಸ್ಸಿನ ಮುದುಕನ ಮಾತು ನಮ್ಮ ಮನೆಯೊಳಗೇ ಬಂದು ಕೂತಿತ್ತು.

ಈ ವರ್ಷ ತೊಗರಿಯ ಕಾಲಕ್ಕೆ ಒಂದು ಮಧ್ಯಾಹ್ನ ಹೋದೆ. ಅಂಗಳದಲ್ಲಿ ಕಾಳು ಹಾಗೆಯೇ ರಾಶಿ ಬಿದ್ದಿತ್ತು. ನೆನೆಹಾಕಿರಲಿಲ್ಲ. ಜರಡಿ ಗೂಟದಲ್ಲಿ ನೇತಾಡುತ್ತಿತ್ತು. ಬೀಸುವ ಕಲ್ಲಿನ ಮೇಲೆ ಬಟ್ಟೆ ಒಣಗಿಸಿದ್ದಳು. ಯಾಕೆ ಎಂದು ಕೇಳಿದೆ. ಕೈಲಾಗಲ್ಲ ಎಂದಳು. ನಾನು ಒಪ್ಪಲಿಲ್ಲ. ಊರವರ ಮೇಲಿನ, ಅಣ್ಣನ ಮೇಲಿನ, ಆ ತರೀಕೆರೆಯವನ ಮೇಲಿನ ಸಿಟ್ಟನ್ನೆಲ್ಲ ತೆಗೆದು, ಯಾರೋ ಬಾಯಿಗೆ ಬಂದದ್ದು ಅಂದರೆ ನೀನು ನಿನ್ನ ಕೆಲಸ ಬಿಡುತ್ತೀಯಾ, ನಡಿ, ಬುಟ್ಟಿ ತೆಗಿ, ಮಣ್ಣು ನಾನೇ ತರುತ್ತೇನೆ ಎಂದು ಕೂಗಾಡಿದೆ. ಅವಳು ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು. ಫೋನು ಮಡಿಲಲ್ಲಿತ್ತು.

"ಒಂದು ಕೇಳ್ತೀನಿ, ನಿಜ ಹೇಳ್ಬೇಕು" ಎಂದಳು.

"ಏನು?"

"ನಿಮ್ಮವ್ವ ಕೊನೇಲಿ ಬೇರೇನೂ ತಿಂತಿರ್ಲಿಲ್ಲ ಕಣೇ. ನಾನು ಕೊಡ್ತಿದ್ದ ಬೇಳೆಕಟ್ಟು ಒಂದೇ. ಬ್ಯಾಡ ಅಂದ್ರೂ ತಲೆ ಎತ್ತಿ ಹಿಡ್ದು ಕುಡಿಸ್ತಿದ್ದೆ. ಎಲ್ಲಾ ನನ್ ಬೇಳೇನೇ." ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. "ಅವ್ಳಿಗೆ ಹೊಟ್ಟೇದೇ ಅಲ್ವಾ ಆಗಿದ್ದು. ಅದ್ರಿಂದ್ಲೇ ಹೋದ್ಲಾ?"

ಅವ್ವನಿಗೆ ಏನಾಗಿತ್ತು ಎಂದು ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಆದರೆ ಅವ್ವನಿಗೆ ಬೇಳೆಕಟ್ಟು ಕುಡಿಸುವ ಮೊದಲೇ ಹೊಟ್ಟೆನೋವು ಬಂದಿತ್ತು, ಅದೇ ಬೇಳೆ ತಿಂದು ನಾನೂ ಅಣ್ಣನೂ ಇಷ್ಟು ದೊಡ್ಡವರಾದೆವು, ಇವಳೂ ಇಷ್ಟು ವರ್ಷ ಬದುಕಿದ್ದಾಳೆ. ಇದೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಅವಳ ಪಕ್ಕ ಕೂತು ಆ ಸೊಟ್ಟ ಬೆರಳಿನ ಕೈಯನ್ನು ಹಿಡಿದುಕೊಂಡೆ.

"ಅಲ್ಲ ಚಿಕ್ಕಮ್ಮ" ಎಂದೆ. "ಖಂಡಿತಾ ಅಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ನಂಬಬೇಕೆಂಬ ಆಸೆ ಅವಳ ಕಣ್ಣಿನಲ್ಲಿ ಕಾಣುತ್ತಿತ್ತು.

"ನಿಂಗೆ ಹೆಂಗೆ ಗೊತ್ತು?" ಎಂದಳು. "ಯಾವ ವಿಡಿಯೋದಲ್ಲಿ ನೋಡ್ದೆ?"